ಚೊಂಬಿನೊಳಗಿನ ದನಿ

ಚೆನ್ನಕೇಶವನಷ್ಟು ಪುಕ್ಕಲ ಮನುಷ್ಯ ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನು ಬೇರೆಯವರು ಹೇಳಬೇಕಾಗಿಲ್ಲ, ಅವನೇ ಹೇಳಿಕೊಳ್ಳುತ್ತಿದ್ದ. ಮನೆ ಬಿಟ್ಟು ಹೊರಡುವಾಗ ಬೀಗ ಜಗ್ಗಿ ನೋಡುವುದು, ಬೀದಿ ತುದಿಯವರೆಗೆ ಹೋಗಿ ವಾಪಸ್ ಬಂದು ಮತ್ತೆ ಜಗ್ಗುವುದು, ಬಸ್ ಹತ್ತಿದ ಮೇಲೆ ಹೆಂಡತಿ ಕಲಾಳ ಮುಖ ನೋಡಿ ‘ಬೀಗ ಹಾಕಿದೀನಾ’ ಎಂದು ಕೇಳುವುದು, ಇಷ್ಟಾದರೆ ಅವನ ಪ್ರಯಾಣ ಶುರುವಾದಂತೆ. ಪೊಲೀಸರನ್ನು ಕಂಡರೆ ತಲೆಯ ಮೇಲೆ ಹೆಲ್ಮೆಟ್ ಇದ್ದರೂ ಮುಟ್ಟಿ ನೋಡಿಕೊಳ್ಳುತ್ತಿದ್ದ. ಫ್ಯಾಕ್ಟರಿಯಲ್ಲಿ ಅವನು ಎಲೆಕ್ಟ್ರಿಷಿಯನ್. ಕರೆಂಟಿಗೆ ಹೆದರುವ ಎಲೆಕ್ಟ್ರಿಷಿಯನ್ ಎಂದು ಜೊತೆಯವರು ನಗುತ್ತಿದ್ದರು, ಆದರೆ ಅಷ್ಟು ವರ್ಷದ ಸರ್ವೀಸಿನಲ್ಲಿ ಅವನ ಕೈಯಲ್ಲಿ ಒಂದು ಫ್ಯೂಸೂ ಅನ್ಯಾಯವಾಗಿ ಸತ್ತಿರಲಿಲ್ಲ. ಇಂಥವನು ಲೈಸೆನ್ಸ್ ಇಲ್ಲದೆ, ಸರ್ಕಾರದ ಕಣ್ಣು ತಪ್ಪಿಸಿ, ತನ್ನ ಮನೆಯ ಮಹಡಿಯಿಂದ ರೇಡಿಯೋ ಸ್ಟೇಷನ್ ನಡೆಸುತ್ತಿದ್ದ ಎಂದರೆ ಯಾರು ನಂಬುತ್ತಾರೆ? ಯಾರೂ ನಂಬುವಂತಿರಲಿಲ್ಲ. ಬಹಳ ದಿನ ಅವನನ್ನು ಕಾಪಾಡಿದ್ದೂ ಅದೇ.

ಅವನು ತುರುವೇಕೆರೆ ಕಡೆಯವನು. ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರಿ ಪಕ್ಕದಲ್ಲಿ ರೇಡಿಯೋ ಮಾತಾಡುತ್ತಿದ್ದರೆ ಮಾತ್ರ ಕಣ್ಣು ಮುಚ್ಚುತ್ತಿದ್ದ. ಮನೆಯವರು ಬೈದರೆ ಸಣ್ಣಗೆ ಮಾಡುತ್ತಿದ್ದನೇ ಹೊರತು ಆರಿಸುತ್ತಿರಲಿಲ್ಲ. ಆ ಡಬ್ಬಿಯೊಳಗೆ ಯಾರೋ ಎಚ್ಚರವಾಗಿದ್ದಾರೆ ಎನ್ನುವುದು ಅವನ ಧೈರ್ಯ. ಐಟಿಐ ಮುಗಿಸಿ ಕೆಜಿಎಫ್‌ನ ಫ್ಯಾಕ್ಟರಿಗೆ ಸೇರಿದಾಗ ಚಿನ್ನದ ಗಣಿಗಳು ಇನ್ನೂ ನಡೆಯುತ್ತಿದ್ದವು. ಆದರೆ ಗಣಿಯವರದು ಒಂದು ಲೋಕ, ಫ್ಯಾಕ್ಟರಿಯವರದು ಇನ್ನೊಂದು. ಒಂದೇ ಸಂತೆಯಲ್ಲಿ ತರಕಾರಿ ಕೊಂಡರೂ, ಒಂದೇ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿಬಂದರೂ, ನೆಲದ ಮೇಲೆ ದುಡಿಯುವವನಿಗೆ ನೆಲದ ಕೆಳಗೆ ಇಳಿಯುವವನ ಮನೆಯ ಭಯ ಏನು ಗೊತ್ತು? ಗಣಿ ಮುಚ್ಚಿತು. ಚೆನ್ನಕೇಶವ ಕೋರಮಂಡಲ್‌ನಲ್ಲಿ, ಹಳೆಯ ಗಣಿ ಕೆಲಸಗಾರರ ಲೈನ್ ಮನೆಗಳ ಪಕ್ಕದಲ್ಲೇ, ಒಂದು ಮಹಡಿ ಮನೆ ಮಾಡಿಕೊಂಡ. ಮಗಳು ಭಾರ್ಗವಿ ಮದುವೆಯಾಗಿ ಮೈಸೂರು ಸೇರಿದಳು. ಶಿಫ್ಟ್ ಮುಗಿಸಿ ಬಂದು ಸುಮ್ಮನೆ ಕೂತರೆ ಮನಸ್ಸಿಗೆ ಇಲ್ಲದ ಭಯಗಳು ಬರುತ್ತವೆಂದು ಕೆಟ್ಟ ರೇಡಿಯೋಗಳನ್ನು ರಿಪೇರಿ ಮಾಡಲು ಶುರು ಮಾಡಿದ.

ತೊಂದರೆ ಹುಟ್ಟಿದ್ದೇ ಅಲ್ಲಿ. ಲೈನ್ ಮನೆಗಳ ಮುದುಕಿಯರು ಮುದುಕರು ತರುತ್ತಿದ್ದ ರೇಡಿಯೋಗಳಲ್ಲಿ ಅರ್ಧಕ್ಕರ್ಧ ಕೆಟ್ಟೇ ಇರುತ್ತಿರಲಿಲ್ಲ. ಬೆಂಗಳೂರಿನ ಸ್ಟೇಷನ್ನುಗಳು ಕೋರಮಂಡಲ್‌ವರೆಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದವು, ಡಬ್ಬಿಯಲ್ಲಿ ಬರೀ ಗೊರಗೊರ. ‘ಇದು ಚೆನ್ನಾಗಿಯೇ ಇದೆ, ಗಾಳಿಯಲ್ಲೇ ಏನೂ ಇಲ್ಲ’ ಎಂದು ಹೇಳಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಕೈಲಾಗದವನು ನೆಪ ಹೇಳುತ್ತಾನೆ ಎಂದುಕೊಂಡರೆ? ಅದೂ ಒಂದು ಭಯ. ಕೊನೆಗೆ ರಿಪೇರಿಯಾದ ರೇಡಿಯೋ ಪರೀಕ್ಷೆ ಮಾಡಲು ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಟ್ರಾನ್ಸ್‌ಮಿಟರ್ ಮಾಡಿಕೊಂಡ. ಆಂಡರ್ಸನ್‌ಪೇಟೆಯಲ್ಲಿ ಸಿಕ್ಕಿದ ಸಾಮಾನಿನಲ್ಲೇ ಆಯಿತು. ಕ್ಯಾಸೆಟ್ ಹಾಕಿದರೆ ಕೋಣೆಯಲ್ಲಿದ್ದ ರೇಡಿಯೋ ಹಾಡುತ್ತಿತ್ತು. ಕೊಡುವಾಗ ಹಾಗೆ ಹಾಡಿಸಿಯೇ ಕೊಡುತ್ತಿದ್ದ.

ಮೊದಲು ಬಂದು ಹೊಗಳಿದವಳು ಮುತ್ಯಾಲಮ್ಮ. ಬೇತಮಂಗಲದ ಹತ್ತಿರದ ರೈತರ ಮನೆ ಹೆಣ್ಣುಮಗಳು, ಗಂಡ ಮುನಿಸ್ವಾಮಪ್ಪ ಗಣಿಗೆ ಸೇರಿದಾಗ ಅವನ ಹಿಂದೆ ಲೈನ್ ಮನೆಗೆ ಬಂದವಳು. ಗಂಡ ಹೋಗಿ ಎಷ್ಟೋ ಕಾಲವಾಗಿತ್ತು, ಅವಳಿಗೆ ಎಪ್ಪತ್ತು ದಾಟಿತ್ತು. ಮಗ ಬಂಗಾರಪೇಟೆಯಲ್ಲಿ ಆಟೋ ಓಡಿಸುತ್ತಿದ್ದ, ಮನೆಯಲ್ಲಿ ಸೊಸೆ ಕವಿತ ಇದ್ದಳು. ಮುತ್ಯಾಲಮ್ಮ ಎಲ್ಲಿ ಹೋದರೂ ಒಂದು ಪ್ಲಾಸ್ಟಿಕ್ ವೈರಿನ ಬ್ಯಾಗು ಹಿಡಿದೇ ಹೋಗುತ್ತಿದ್ದಳು, ಅದರೊಳಗೆ ಎಲೆಅಡಿಕೆ ಚೀಲದ ಪಕ್ಕ ರೇಡಿಯೋ.

“ಕೇಸವಪ್ಪ, ನಿನ್ ಕೈ ಗುಣ ಸೆಂದಾಗೈತೆ ಕಣಪ್ಪ,” ಎಂದಳು. “ಮನೇಗ್ ಓದ್ಮೇಲೂ ಆಡ್ತಾ ಇತ್ತು.”

ಚೆನ್ನಕೇಶವ ಪರೀಕ್ಷೆಯ ಡಬ್ಬಿಯನ್ನು ಆರಿಸಲು ಮರೆತಿದ್ದ. ಅದು ಕೋಣೆ ದಾಟಿ, ಗೋಡೆ ದಾಟಿ, ಅವಳ ಮನೆಯವರೆಗೆ ಹೋಗಿತ್ತು. ಇದು ಅಪರಾಧ ಎನ್ನುವುದು ಅವನಿಗೆ ಗೊತ್ತಿತ್ತು. ಅನುಮತಿಯಿಲ್ಲದೆ ಗಾಳಿಗೆ ಮಾತು ಬಿಡುವವರನ್ನು ಹುಡುಕಲು ತಲೆಯ ಮೇಲೆ ತಿರುಗುವ ಕಂಬಿಗಳಿರುವ ಜೀಪು ಬರುತ್ತದೆ ಎಂದು ಎಲ್ಲೋ ಓದಿದ್ದ. ಆ ಜೀಪಿನ ಬಣ್ಣ ಯಾವುದೆಂದು ಓದಿರಲಿಲ್ಲ, ಹಾಗಾಗಿ ಎಲ್ಲ ಬಣ್ಣದ ಜೀಪಿಗೂ ಹೆದರುತ್ತಿದ್ದ. ಆದರೂ ಮುದುಕಿಯ ಮುಖ ನೋಡಿದ ಮೇಲೆ ಡಬ್ಬಿ ಕಿತ್ತುಹಾಕಲು ಮನಸ್ಸು ಬರಲಿಲ್ಲ. ಸಂಜೆ ಆರು ಗಂಟೆಗೆ ಒಂದಷ್ಟು ಹೊತ್ತು ಮಾತ್ರ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮಹಡಿಯ ಮೇಲೆ ಡಿಶ್ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಪೈಪು ನಿಲ್ಲಿಸಿದ. ನೋಡಿದವರು ನೀರಿನ ಪೈಪು ಅಂದುಕೊಳ್ಳಬೇಕು, ಒಳಗೆ ತಂತಿ.

ಎರಡು ಭಕ್ತಿಗೀತೆ ಆದ ಮೇಲೆ ಏನು ಹೇಳುವುದು? ಕೆಜಿಎಫ್‌ನಲ್ಲಿ ಜನ ದೇವರಿಗಿಂತ ಹೆಚ್ಚು ಕಾಯುವುದು ನಲ್ಲಿ ನೀರನ್ನು. ಬೇತಮಂಗಲದ ಕೆರೆಯಿಂದ ಬರುವ ನೀರು ಯಾವ ಬೀದಿಗೆ ಯಾವತ್ತು ಎನ್ನುವುದು ನೀರು ಬಿಡುವವನಿಗೆ ಮಾತ್ರ ಗೊತ್ತು, ಕೆಲವು ಸಲ ಅವನಿಗೂ ಗೊತ್ತಿರುವುದಿಲ್ಲ. ಚೆನ್ನಕೇಶವ ಅವನಿಗೆ ಫೋನ್ ಮಾಡಿ ಕೇಳಿಕೊಂಡು ರೇಡಿಯೋದಲ್ಲಿ ಹೇಳತೊಡಗಿದ. ದನಿ ಗುರುತು ಸಿಗಬಾರದೆಂದು ಖಾಲಿ ಹಿತ್ತಾಳೆ ಚೊಂಬನ್ನು ಬಾಯಿಗೆ ಹಿಡಿದು ಹೇಳುತ್ತಿದ್ದ. ‘ನಾಳೆ ಬೆಳಿಗ್ಗೆ ಚರ್ಚ್ ಬೀದಿಗೆ ನೀರು’ ಎನ್ನುವ ಮಾತು ಬಾವಿಯ ತಳದಿಂದ ಯಾರೋ ಹೇಳಿದಂತೆ ಕೇಳುತ್ತಿತ್ತು.

ಹೆಸರಿಲ್ಲದ ಸ್ಟೇಷನ್ನಿಗೆ ಶುರುವಿನ ಗುರುತು ಒಂದು ಬೇಕಲ್ಲ. ರಿಪೇರಿಗೆಂದು ಬಂದು ಯಾರೂ ವಾಪಸ್ ಒಯ್ಯದ ಟೇಪ್ ರೆಕಾರ್ಡರ್ ಒಂದರಲ್ಲಿ ಹಳೆಯ ಕ್ಯಾಸೆಟ್ ಇತ್ತು, ಅದರಲ್ಲಿ ಗಣಿಯ ಸೈರನ್. ಶಿಫ್ಟ್ ಬದಲಾಗುವಾಗ ಊರಿಗೆಲ್ಲ ಕೇಳುತ್ತಿದ್ದ ಆ ದೊಡ್ಡ ಕೂಗನ್ನು ಯಾರೋ ಪುಣ್ಯಾತ್ಮ ರೆಕಾರ್ಡ್ ಮಾಡಿಟ್ಟುಕೊಂಡಿದ್ದ. ಚೆನ್ನಕೇಶವ ಆರು ಗಂಟೆಗೆ ಸರಿಯಾಗಿ ಅದನ್ನು ಹಾಕಿದ. ಲೈನ್ ಮನೆಗಳಲ್ಲಿ ಅದನ್ನು ಸಂಗು ಎನ್ನುತ್ತಿದ್ದರು. ಮುತ್ಯಾಲಮ್ಮ ಮಾರನೆಯ ದಿನ ಬಂದು, ಸಂಗು ಕೇಳಿ ದೀಪ ಹಚ್ಚಿದೆ, ಎಷ್ಟು ವರ್ಷ ಆಗಿತ್ತು ಎಂದು ಹೇಳಿ ಕಣ್ಣೊರೆಸಿಕೊಂಡಳು. ಸ್ಟೇಷನ್ ಯಾವುದು, ಯಾರದು ಎಂದು ಅವಳು ಕೇಳಲಿಲ್ಲ. ರಿಪೇರಿ ಚೆನ್ನಾಗಿ ಆದರೆ ರೇಡಿಯೋದಲ್ಲಿ ಅದು ಬರುತ್ತದೆ, ಅಷ್ಟೇ ಅವಳ ಲೆಕ್ಕ. ಬೇರೆಯವರ ಲೆಕ್ಕವೂ ಅದೇ ಆಗಿತ್ತು.

ಕಲಾಳಿಗೆ ಮಾತ್ರ ಇದು ಸುತರಾಂ ಇಷ್ಟವಿರಲಿಲ್ಲ. “ರಿಟೈರ್ ಆಗೋಕೆ ಇನ್ನೇನು ಉಳಿದಿದೆ? ಸಿಕ್ಕಿಬಿದ್ರೆ ಕೆಲಸವೂ ಹೋಯ್ತು, ಪೆನ್ಷನ್ನೂ ಹೋಯ್ತು. ಈ ವಯಸ್ಸಲ್ಲಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಸ್ತೀರಾ ನನ್ನ?” ಎನ್ನುತ್ತಿದ್ದಳು. ಅವಳು ಹೇಳುವ ಮೊದಲೇ ಅಷ್ಟನ್ನೂ ಅವನು ಹೆದರಿ ಮುಗಿಸಿರುತ್ತಿದ್ದ. ಆರು ಗಂಟೆ ಹತ್ತಿರವಾದಂತೆ ಅಂಗೈ ಬೆವರುತ್ತಿತ್ತು, ಚೊಂಬು ಜಾರುತ್ತಿತ್ತು. ಕಿಟಕಿ ಹಾಕಿ, ಬಾಗಿಲು ಹಾಕಿ, ಹೊರಗೆ ಯಾವುದಾದರೂ ಗಾಡಿ ನಿಂತರೆ ಮಾತು ಅರ್ಧಕ್ಕೆ ನುಂಗಿ ಹಾಡು ಹಾಕುತ್ತಿದ್ದ. ಆದರೂ ಬಿಡಲಿಲ್ಲ. ಚಿಕ್ಕಂದಿನಲ್ಲಿ ತನಗೆ ಯಾರೋ ಎಚ್ಚರವಾಗಿದ್ದರಲ್ಲ, ಈಗ ತಾನು ಎಚ್ಚರವಾಗಿರಬೇಕು ಎಂದುಕೊಂಡಿದ್ದನೋ ಏನೋ, ಬಾಯಿಬಿಟ್ಟು ಹೇಳಿದವನಲ್ಲ.

ಒಂದು ಭಾನುವಾರ ಬಂಗಾರಪೇಟೆಗೆ ಹೋಗಿ ರೈಲಿನಲ್ಲಿ ಬರುತ್ತಿದ್ದಾಗ ಎದುರಿನ ಸೀಟಿನಲ್ಲಿ ಗೋಪಿ ಕೂತಿದ್ದ. ಕೋರಮಂಡಲ್ ಪಕ್ಕದ ಹಳ್ಳಿಯವನು, ಮನೆಯಲ್ಲಿ ಹಸು ಕಟ್ಟಿಕೊಂಡು, ವಾರವೆಲ್ಲ ರೈಲಿನಲ್ಲಿ ಬೆಂಗಳೂರಿನ ಗೋಡೌನ್ ಒಂದಕ್ಕೆ ಕೆಲಸಕ್ಕೆ ಹೋಗಿಬರುವವನು. ಮುಖಪರಿಚಯವಿತ್ತು. ಗೋಪಿ ಪಕ್ಕದವನಿಗೆ ಮೊಬೈಲು ತೋರಿಸುತ್ತಾ ಹೇಳುತ್ತಿದ್ದ: “ಟ್ರೈನಲ್ಲಿ ಬೇಜಾರಾಗಿ ಎಫ್ಎಂ ತಿರುಗಿಸ್ತಿದ್ದೆ ಕಣ್ಲಾ. ಕೋರಮಂಡಲ್ ಸ್ಟೇಷನ್ನಾಗೆ ಟ್ರೈನ್ ನಿಂತಷ್ಟೊತ್ತು ಮಾತ್ರ ಬತ್ತದೆ. ಟ್ರೈನ್ ಒಂಟ್ತು ಅಂದ್ರೆ ಓಯ್ತು. ಕೇಳು ಬೇಕಾದ್ರೆ, ರೆಕಾರ್ಡ್ ಮಾಡಿವ್ನಿ.”

ಮೊಬೈಲಿನಿಂದ ಸೈರನ್ ಬಂತು. ಆಮೇಲೆ ಬಾವಿಯ ತಳದ ದನಿ: ‘ನಾಳೆ ಬೆಳಿಗ್ಗೆ ಚರ್ಚ್ ಬೀದಿಗೆ ನೀರು.’

ಚೆನ್ನಕೇಶವ ಕಾಲ ಕೆಳಗಿದ್ದ ತರಕಾರಿ ಚೀಲವನ್ನು ಎತ್ತಿ ಎದೆಗೆ ಅವುಚಿಕೊಂಡ.

“ಯಾವನೋ ಬಿಲದಾಗ್ ಕೂತು ಮಾತಾಡ್ತಾವ್ನೆ,” ಎಂದ ಪಕ್ಕದವನು.

“ಬಿಲ ಎಲ್ಲೈತೆ ಅಂತ ಕಂಡುಹಿಡೀತೀನಿ ನಾನು. ಸಾ, ನೀವು ಆ ಕಡೇರೇ ಅಲ್ವಾ? ಯಾರ್ ಸಾ ಇದು?”

“ಯಾರೋ, ನಂಗೊತ್ತಿಲ್ಲಪ್ಪ,” ಎಂದ ಚೆನ್ನಕೇಶವ. ತನ್ನ ದನಿ ತನಗೇ ಚೊಂಬಿನಿಂದ ಬಂದಂತೆ ಕೇಳಿತು. ಕೋರಮಂಡಲ್ ಬಂದರೂ ಇಳಿಯುವ ಧೈರ್ಯವಾಗದೆ, ಇಳಿದರೆ ಗೋಪಿ ಹಿಂದೆ ಬರುತ್ತಾನೇನೋ ಎಂದು ಮುಂದಿನ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಆಟೋದಲ್ಲಿ ವಾಪಸ್ ಬಂದ. ಬಂದವನೇ ಪೈಪು ಇಳಿಸಿ, ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ತಳದಲ್ಲಿ ಹೂತು, ಚೊಂಬನ್ನು ತೊಳೆದು ದೇವರ ಮನೆಯಲ್ಲಿಟ್ಟ. ಕಲಾ ಆ ಸಂಜೆ ಪಾಯಸ ಮಾಡಿದಳು.

ಪಾಯಸದ ರುಚಿ ಬಹಳ ದಿನ ಉಳಿಯಲಿಲ್ಲ. ಅವನು ನಿಲ್ಲಿಸಿದ ಕೂಡಲೇ ಊರಿನ ರೇಡಿಯೋಗಳೆಲ್ಲ ಕೆಟ್ಟುಹೋದವು. ಕೆಟ್ಟವು ಎಂದು ಅವುಗಳ ಯಜಮಾನರು ತಿಳಿದರು. ಒಬ್ಬರ ಹಿಂದೆ ಒಬ್ಬರು ಬಂದರು. ಚೀಲದಲ್ಲಿ, ಟವೆಲಿನಲ್ಲಿ ಸುತ್ತಿ, ಒಬ್ಬಾತ ಕೂಸಿನಂತೆ ಹೆಗಲ ಮೇಲೆ ಹೊತ್ತು, ಎಲ್ಲರದೂ ಒಂದೇ ದೂರು: ಸಂಗು ಬರುತ್ತಿಲ್ಲ, ನೀರಿನ ವಿಷಯ ಬರುತ್ತಿಲ್ಲ. ಜಗುಲಿಯ ಮೇಲೆ ರೇಡಿಯೋಗಳ ಸಾಲು ಬೆಳೆಯಿತು. ಮುತ್ಯಾಲಮ್ಮನಂಥ ಕೆಲವರು ಮಾತ್ರ ಇವತ್ತಲ್ಲ ನಾಳೆ ಬಂದೀತು ಎಂದು ತಮ್ಮ ರೇಡಿಯೋವನ್ನು ಮನೆಯಲ್ಲೇ ಹಾಕಿಟ್ಟುಕೊಂಡು ಕಾಯುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಚೆನ್ನಕೇಶವನಿಗೆ ಹೊಸ ಭಯ ಹಿಡಿಯಿತು. ಒಂದು ಸ್ಟೇಷನ್ ನಿಂತ ಮೇಲೆ ಊರಿನವರೆಲ್ಲ ಒಂದೇ ಮನೆಯ ಮುಂದೆ ರೇಡಿಯೋ ತಂದಿಟ್ಟರೆ, ಆ ಸ್ಟೇಷನ್ ಯಾವ ಮನೆಯದೆಂದು ಹುಡುಕಲು ತಿರುಗುವ ಕಂಬಿಯ ಜೀಪು ಯಾಕೆ ಬೇಕು? ಗೋಪಿಯಂಥವನು ಈ ಜಗುಲಿಯ ಮುಂದೆ ಒಂದು ಸಲ ಹಾದುಹೋದರೆ ಸಾಕು.

ಹೀಗೆ ಸಿಕ್ಕಿಬೀಳುವ ಭಯದಿಂದ ನಿಲ್ಲಿಸಿದವನು ಸಿಕ್ಕಿಬೀಳುವ ಭಯದಿಂದಲೇ ಮತ್ತೆ ಶುರು ಮಾಡಲು ನಿರ್ಧರಿಸಿದ. ಜಗುಲಿ ಖಾಲಿಯಾಗಬೇಕಿತ್ತು, ಅಷ್ಟೇ.

ಅವತ್ತು ಮೊದಲ ಶಿಫ್ಟ್ ಮುಗಿಸಿ ಮಧ್ಯಾಹ್ನ ಮನೆಗೆ ಬಂದ. ಉಂಡ ಶಾಸ್ತ್ರ ಮಾಡಿ ಡಬ್ಬಿಯನ್ನು ಅಕ್ಕಿಯಿಂದ ತೆಗೆದ. ಪೈಪು ನಿಲ್ಲಿಸಿದ. ಸಂಜೆಯ ಹೊತ್ತಿಗೆ ಕೈಕೊಡಬಾರದು, ಈಗಲೇ ನೋಡಿಬಿಡೋಣ ಎಂದು ಟೇಪಿನಲ್ಲಿ ಮೊದಲು ಕೈಗೆ ಸಿಕ್ಕ ಕ್ಯಾಸೆಟ್ ಹಾಕಿ, ಒಂದು ರೇಡಿಯೋ ಹಿಡಿದು ಮಹಡಿ ಹತ್ತಿದ. ಸೈರನ್ ಕೂಗಿತು. ದನಿ ಒಡೆಯುತ್ತಿತ್ತು. ಪೈಪು ಸ್ವಲ್ಪ ತಿರುಗಿಸಿ, ಕೆಳಗೆ ಹೋಗಿ ಟೇಪ್ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಮತ್ತೆ ಮೇಲೆ ಬಂದ. ಮತ್ತೆ ಕೂಗಿತು. ಇನ್ನೊಂದು ಸಲ ಮಾಡಿದ ಮೇಲೆ ದನಿ ಸ್ವಚ್ಛವಾಯಿತು, ಅವನು ತೃಪ್ತಿಯಿಂದ ತಲೆಯೆತ್ತಿದ.

ಲೈನ್ ಮನೆಗಳಿಂದ ಹೆಂಗಸರು ಹೊರಗೆ ಬರುತ್ತಿದ್ದರು.

ಎಲ್ಲರೂ ಅಲ್ಲ, ವಯಸ್ಸಾದವರು ಮಾತ್ರ. ಒಬ್ಬಳ ಕೈಯೆಲ್ಲ ರಾಗಿ ಹಿಟ್ಟು. ಒಬ್ಬಳ ಜಡೆ ಅರ್ಧ ಬಿಚ್ಚಿತ್ತು. ಯಾರೂ ಯಾರನ್ನೂ ಕರೆಯಲಿಲ್ಲ, ಮಾತಾಡಲಿಲ್ಲ. ಮೊದಲು ನಡೆದರು, ಆಮೇಲೆ ಸೆರಗು ಸಿಕ್ಕಿಸಿಕೊಂಡು ಓಡಿದರು, ಎಲ್ಲರೂ ಒಂದೇ ಕಡೆಗೆ. ಗಣಿಯೊಳಗೆ ಇಳಿಯುವ ಹಳೆಯ ಶಾಫ್ಟುಗಳಿರುವ ಕಡೆಗೆ. ಇದೇನೆಂದು ಚೆನ್ನಕೇಶವನಿಗೆ ತಿಳಿಯಲಿಲ್ಲ. ಲೈನ್ ತುದಿಯ ಹುಣಸೆ ಮರದ ಹತ್ತಿರ ಅವರೆಲ್ಲ ತಟಕ್ಕನೆ ನಿಂತರು. ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ಇನ್ನೊಬ್ಬಳು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. ನಿಧಾನವಾಗಿ ಮನೆಗಳಿಗೆ ತಿರುಗಿದರು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮುತ್ಯಾಲಮ್ಮನ ಸೊಸೆ ಕವಿತ, ಏದುಸಿರು ಬಿಡುತ್ತಾ ನಿಂತಿದ್ದಳು. “ಸಾರ್, ನಿಮ್ ಸ್ಕೂಟ್ರು ತೆಗೀರಿ. ನಮ್ಮತ್ತೆ ಶಾಫ್ಟ್ ತಾವ ಓಗ್ಬುಟ್ರು. ರೇಡಿಯೋದಾಗೆ ಒತ್ತಲ್ಲದ ಒತ್ನಾಗೆ ಸಂಗು ಊದ್ತು, ಎದ್ದು ಓಡ್ಬುಟ್ರು. ಬ್ಯಾರೆಯೋರು ಮರದತ್ರ ನಿಂತ್ರು, ನಮ್ಮತ್ತೆ ನಿಂತಿಲ್ಲ.”

“ಸಂಗು ಊದಿದ್ರೆ ಯಾಕೆ ಓಡ್ತಾರೆ?”

ಕವಿತ ಅವನನ್ನು ವಿಚಿತ್ರವಾಗಿ ನೋಡಿದಳು. ಇಷ್ಟು ವರ್ಷ ಇಲ್ಲಿದ್ದು ಇದು ಗೊತ್ತಿಲ್ಲವೇ ಎನ್ನುವ ನೋಟ. “ಶಿಫ್ಟ್ ಒತ್ನಾಗೆ ಊದಿದ್ರೆ ಶಿಫ್ಟು, ಸಾರ್. ಬ್ಯಾರೆ ಒತ್ನಾಗೆ ಊದಿದ್ರೆ ಕೆಳಗೆ ಬಂಡೆ ಬಿದ್ದೈತೆ ಅಂತ. ಎಂಗಸ್ರೆಲ್ಲ ಶಾಫ್ಟ್ ತಾವ ಓಡ್ತಿದ್ರಂತೆ.”

ಚೆನ್ನಕೇಶವ ಬಾಗಿಲ ಚೌಕಟ್ಟು ಹಿಡಿದುಕೊಂಡ. ಶಾಫ್ಟುಗಳ ಸುತ್ತ ಗೋಡೆಯಿತ್ತು, ಆದರೆ ದನ ಮೇಯಿಸುವವರು ಓಡಾಡಿ ಅದು ಎಲ್ಲೆಲ್ಲೋ ಒಡೆದಿತ್ತು. ಒಳಗೆ ಆಳೆತ್ತರದ ಜಾಲಿ. ಜಾಲಿಯ ನಡುವೆ ಎಲ್ಲೆಲ್ಲೋ ಗಣಿಯ ಹಳೆಯ ಬಾಯಿಗಳು, ಮೇಲೆ ತುಕ್ಕು ಹಿಡಿದ ತಗಡು ಹಾಸಿದ್ದು. ಕಳೆದ ಬೇಸಿಗೆಯಲ್ಲಿ ಅಂಥ ಒಂದು ತಗಡಿನ ಮೇಲೆ ಕಾಲಿಟ್ಟ ಎಮ್ಮೆ ಮತ್ತೆ ಯಾರಿಗೂ ಕಾಣಲಿಲ್ಲ. ಬಿದ್ದ ಸದ್ದು ಕೂಡ ಬಹಳ ಹೊತ್ತು ಬಿಟ್ಟು ಕೇಳಿತು ಎಂದು ದನ ಕಾಯುವವರು ಹೇಳುತ್ತಿದ್ದರು. ಆ ಮಾತು ಕೇಳಿದಾಗ ಅವನು ಊಟ ಬಿಟ್ಟಿದ್ದ.

“ರೇಡಿಯೋ ಅವರ ಹತ್ರ ಇದೆಯಾ?” ಎಂದು ಕೇಳಿದ.

“ಬ್ಯಾಗ್ನಾಗೈತೆ. ಆಡ್ತಾನೇ ಐತೆ.”

ಸ್ಕೂಟರಿನಲ್ಲಿ ಹೋದರೆ ಯಾವ ದಿಕ್ಕಿಗೆ ಹೋಗುವುದು? ಜಾಲಿಯೊಳಗೆ ಕೂಗಿದರೆ ಅವಳಿಗೆ ಕೇಳುವುದಿಲ್ಲ. ಆದರೆ ಅವಳ ಕೈಚೀಲದೊಳಗಿಂದ ಮಾತಾಡಲು ಸಾಧ್ಯವಿರುವವನು ಇಡೀ ಊರಿನಲ್ಲಿ ಒಬ್ಬನೇ ಇದ್ದ. ಚೆನ್ನಕೇಶವ ಒಳಗೆ ಓಡಿದ. ದೇವರ ಮನೆಯ ಚೊಂಬು ತಂದು ಬಾಯಿಗೆ ಹಿಡಿದ. “ಕೇಳುಗರಲ್ಲಿ ವಿನಂತಿ. ಏನೂ ಆಗಿಲ್ಲ. ದಯವಿಟ್ಟು ಎಲ್ಲರೂ ಮನೆಗೆ ಹೋಗಿ. ಏನೂ ಆಗಿಲ್ಲ.”

ಹಿಂದೆಯೇ ಬಂದಿದ್ದ ಕವಿತ ಡಬ್ಬಿ ನೋಡಿದಳು, ಚೊಂಬು ನೋಡಿದಳು, ಅವನನ್ನು ನೋಡಿದಳು. ಜಗುಲಿಯ ರೇಡಿಯೋಗಳಲ್ಲೊಂದು ಆಡುತ್ತಿತ್ತು, ಅದೇ ಮಾತು ಅದರಿಂದಲೂ ಬಂತು. ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿದ. ಅವಳಿಗೆ ಬೈಯಲು ಪುರಸೊತ್ತಿರಲಿಲ್ಲ.

“ಇಂಗೇಳಿದ್ರೆ ಬರಲ್ಲ ಸಾರ್. ಮಾವ ಓದ ದಿನಾನೂ ಇಂಗೇ ಏಳಿದ್ರಂತೆ. ಏನೂ ಆಗಿಲ್ಲ, ಮನೇಗ್ ಓಗಿ ಅಂತ.” ಎಂದಳು ಕವಿತ. “ಎಸ್ರು ಕೂಗ್ಬೇಕು. ಯಾರು ಮೇಲ್ ಬಂದವ್ರೋ ಅವ್ರ ಎಸ್ರು ಒಬ್ಬೊಬ್ರುದೇ ಕೂಗೋರು. ಕೂಗೋನು ಮೊದ್ಲು ತನ್ನೆಸ್ರು, ತನ್ ನಂಬರ್ರು ಏಳ್ಬೇಕು. ನಾಳೆ ಸುಳ್ಳಾದ್ರೆ ಇಡ್ಕಣಕೆ ಒಬ್ಬ ಬೇಕಲ್ಲ. ಅಂಗೆ ಕೂಗ್ದೆ ಯಾವ ಎಂಗ್ಸೂ ಅಲ್ಲಿಂದ ಕದಲ್ತಿರಲಿಲ್ಲ. ನಮ್ಮತ್ತೆ ನನ್ ಗಂಡನ್ನ ಬಗ್ಲಾಗೆ ಎತ್ಕಂಡು ಅಲ್ಲೇ ನಿಂತಿದ್ರಂತೆ. ಎಲ್ರ ಎಸ್ರೂ ಕೂಗುದ್ರು. ಮಾವಂದು ಕೂಗ್ಲೇ ಇಲ್ಲ.”

“ಮತ್ತೆ ಈಗ ಕೂಗಲಾ? ಮುನಿಸ್ವಾಮಪ್ಪ ಮೇಲೆ ಬಂದ ಅಂತ?”

“ಬ್ಯಾಡ ಸಾರ್,” ಎಂದಳು ಕವಿತ. “ಆಮ್ಯಾಕೆ ತಂದು ಅತ್ತೆ ಮುಂದೆ ಮಲಗ್ಸವ್ರೆ. ಅದನ್ನ ಸುಳ್ಳಾಡ್ಬ್ಯಾಡಿ.”

ಚೆನ್ನಕೇಶವ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಹೆಸರು ಹೇಳಬೇಕು. ನಂಬರು ಹೇಳಬೇಕು. ಹೇಳಿದರೆ ಜಗುಲಿಯ ಮೇಲಿನ ರೇಡಿಯೋಗಳೆಲ್ಲ ಅದನ್ನು ಹೇಳುತ್ತವೆ, ಲೈನ್ ಮನೆಗಳ ರೇಡಿಯೋಗಳು ಹೇಳುತ್ತವೆ, ನಿಲ್ದಾಣದಲ್ಲಿ ರೈಲು ನಿಂತಿದ್ದರೆ ಅದರೊಳಗಿನವರು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಫ್ಯಾಕ್ಟರಿಯ ಸಾಹೇಬರ ಮೇಜಿನ ಮೇಲೆ ಆ ದನಿ ಕೇಳುತ್ತದೆ. ಆಮೇಲೆ ಜೀಪು. ಹೇಳದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಮುದುಕಿಗೆ ಮರೆವು, ಎಲ್ಲಿಗೋ ಹೋದಳು ಎನ್ನುತ್ತಾರೆ. ಆ ಯೋಚನೆಯೂ ಬಂತು. ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬಾಯಿ ಬರಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಕಲಾ ಒಳಗೆ ಬಂದಳು. ಅವನ ಕೈಯಿಂದ ಚೊಂಬನ್ನು ತೆಗೆದುಕೊಂಡಳು. ಬೆರಳುಗಳು ಬಿಗಿದುಕೊಂಡಿದ್ದವು, ಒಂದೊಂದಾಗಿ ಬಿಡಿಸಬೇಕಾಯಿತು.

“ಹೇಳಿ ನಿಮ್ಮ ಹೆಸರು,” ಎಂದಳು.

ಅವನು ಬಗ್ಗಿ ಮೈಕಿನ ಹತ್ತಿರ ಬಾಯಿ ತಂದ. “ನಾನು ಚೆನ್ನಕೇಶವ,” ಎಂದ. ದನಿ ಸಣ್ಣಗೆ, ಕೀರಲಾಗಿತ್ತು. ಬಾವಿಯೂ ಇಲ್ಲ, ಬಿಲವೂ ಇಲ್ಲ, ಬರೀ ಹೆದರಿದ ಒಬ್ಬ ಮನುಷ್ಯ. “ಫ್ಯಾಕ್ಟರಿ ಎಲೆಕ್ಟ್ರಿಷಿಯನ್.” ಟೋಕನ್ ನಂಬರ್ ಹೇಳಿದ. ಮನೆ ಎಲ್ಲಿದೆ ಎಂದೂ ಹೇಳಿದ. “ಸಂಗು ಊದಿದ್ದು ನಾನು. ಮಿಷನ್ ಕೆಲಸ ಮಾಡುತ್ತಾ ನೋಡೋಣ ಅಂತ ಊದಿದೆ. ನನಗೆ ತಿಳೀಲಿಲ್ಲ, ತಪ್ಪಾಯ್ತು. ಕೆಳಗೆ ಯಾರೂ ಇಲ್ಲ. ಮುತ್ಯಾಲಮ್ಮ, ಕೇಳಿಸ್ತಾ? ಕೆಳಗೆ ಯಾರೂ ಇಲ್ಲ. ನೀವು ಎಲ್ಲಿದೀರೋ ಅಲ್ಲೇ ನಿಲ್ಲಿ, ಒಂದು ಹೆಜ್ಜೇನೂ ಮುಂದಿಡಬೇಡಿ. ನಾನು ಚೆನ್ನಕೇಶವ. ಕೆಳಗೆ ಯಾರೂ ಇಲ್ಲ.”

ಕವಿತ ಹೊರಗೆ ಓಡಿದಳು. ಚೆನ್ನಕೇಶವ ಅದನ್ನೇ ಮತ್ತೆ ಹೇಳಿದ, ಮತ್ತೆ ಹೇಳಿದ. ನಿಲ್ಲಿಸಿದರೆ ಆ ಕ್ಷಣಕ್ಕೇ ಅವಳು ಕಾಲೆತ್ತುತ್ತಾಳೆ ಎನ್ನುವ ಭಯ ಹೊಕ್ಕಿತ್ತು. ಗಂಟಲು ಕಟ್ಟಿತು. ಕಲಾ ನೀರು ಕೊಟ್ಟಳು, ಅದೇ ಚೊಂಬಿನಲ್ಲಿ. ಕುಡಿದು ಮತ್ತೆ ಹೇಳಿದ. ಹೊರಗೆ ಜನ ಸೇರುವ ಸದ್ದು ಕೇಳುತ್ತಿತ್ತು. ಬಾಗಿಲು ಹಾಕಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಎಷ್ಟು ಹೊತ್ತಾಯಿತೋ, ಮನೆಯ ಮುಂದೆ ಒಂದು ಗಾಡಿ ಬಂದು ನಿಂತಿತು. ಬಂತು ಜೀಪು ಎಂದುಕೊಂಡ. ಬರಲಿ, ಅವಳು ಸಿಕ್ಕಳು ಎಂದು ಯಾರಾದರೂ ಹೇಳಿದ ಮೇಲೆ ಬರಲಿ ಎಂದು ಬೇಡಿಕೊಂಡು ಮಾತು ನಿಲ್ಲಿಸದೆ ಕೂತಿದ್ದ.

ಜೀಪಲ್ಲ, ಬೈಕು. ಗೋಪಿ ಒಳಗೆ ಬಂದ. ಕುತ್ತಿಗೆಗೆ ಇಯರ್‌ಫೋನು, ತೋಳೆಲ್ಲ ಜಾಲಿ ಮುಳ್ಳು ಗೀರಿದ ಗೆರೆ.

“ನಿಲ್ಸಿ ಸಾ, ಸಾಕು. ಅಜ್ಜಿ ಬಂದವ್ರೆ,” ಎಂದ. “ಇವತ್ತು ರಜಾ ಆಕಿದ್ದೆ. ಗೋಡೆ ತಾವ ಹಸ ಮೇಯಿಸ್ಕಂಡು, ಸ್ಟೇಷನ್ ಬತ್ತದಾ ಅಂತ ಹುಡುಕ್ತಾ ಇದ್ದೆ. ಸಂಗು ಬಂತು, ಆಮ್ಯಾಕೆ ನೀವು. ಜಾಲಿ ಒಳಗಿಂದ್ಲೂ ನಿಮ್ಮದೇ ಮಾತು ಕೇಳುಸ್ತು. ಅದನ್ನೇ ಇಡ್ಕಂಡು ಒಳಗೋದೆ.” ಅವನು ತೋಳಿಗೆ ನಾಟಿದ್ದ ಮುಳ್ಳೊಂದನ್ನು ಕಿತ್ತ. “ತಗಡಿನ ಮ್ಯಾಲೆ ಒಂದ್ ಕಾಲು ಇಟ್ಟಿದ್ರು ಸಾ. ಇನ್ನೊಂದು ನೆಲದ ಮ್ಯಾಲಿತ್ತು. ಅಂಗೇ ನಿಂತಿದ್ರು.”

ಚೆನ್ನಕೇಶವ ಮಾತು ನಿಲ್ಲಿಸಿದ. ಎದ್ದು ಹೋಗಿ ತಂತಿ ಕಿತ್ತ. ಜಗುಲಿಯ ಮೇಲೆ ರೇಡಿಯೋ ಮತ್ತೆ ಗೊರಗೊರ ಎಂದಿತು.

ಹೊರಗೆ ಬಂದ. ಜಗುಲಿಯ ಮೇಲೆ, ರೇಡಿಯೋಗಳ ಸಾಲಿನ ಪಕ್ಕದಲ್ಲಿ, ಮುತ್ಯಾಲಮ್ಮ ಕೂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಪಾದದಲ್ಲಿ ರಕ್ತ. ಕವಿತ ಮುಳ್ಳು ಕೀಳುತ್ತಿದ್ದಳು. ಲೈನ್ ಮನೆಗಳ ಹೆಂಗಸರೆಲ್ಲ ಗೇಟಿನಲ್ಲಿ ನಿಂತಿದ್ದರು. ಚೆನ್ನಕೇಶವ ಅವಳ ಮುಂದೆ ನೆಲದ ಮೇಲೆ ಕೂತುಬಿಟ್ಟ. ಕಾಲು ಹಿಡಿಯಬೇಕೆಂದುಕೊಂಡ, ಗಾಯ ನೋಡಿ ಹಿಡಿಯಲು ಹೆದರಿದ.

“ತಪ್ಪಾಯ್ತಮ್ಮ,” ಎಂದ.

“ಗಣಿ ಮುಚ್ಚೈತೆ ಅಂತ ನಂಗೊತ್ತಿಲ್ವಾ ಕೇಸವಪ್ಪ?” ಎಂದಳು ಅವಳು. “ತಲೇಗ್ ಗೊತ್ತೈತೆ. ಕಾಲಿಗ್ ಗೊತ್ತಿಲ್ಲ. ಅಲ್ಲೋಗಿ ನಿಂತ್ಮ್ಯಾಲೆ, ಎಸ್ರು ಕೂಗ್ದೆ ಎಂಗ್ ಬರ್ಲಿ ಅನ್ನುಸ್ತು.”

ಅವಳು ಸೊಸೆ ಮುಳ್ಳು ಎಳೆದಾಗ ಕೂಡ ಮುಖ ಕಿವುಚಲಿಲ್ಲ.

“ಆವತ್ತು ಎಲ್ರ ಎಸ್ರೂ ಬಂತು, ನಂಗೆ ಬೇಕಾದ್ದು ಬರ್ಲಿಲ್ಲ. ಇವತ್ತು ನಿಂದು ಬಂತು. ಎಸ್ರು, ನಂಬರ್ರು, ಎಲ್ಲಾ. ಸರಿ, ಯಾರ್ ಮನೇ ಮಗನೋ ಒಬ್ಬ ಮೇಲ್ ಬಂದ ಅಂತ ಕಾಲು ತೆಗ್ದೆ.”

ಚೆನ್ನಕೇಶವನಿಗೆ ತಡೆಯಲಾಗಲಿಲ್ಲ. ಅಷ್ಟು ಜನರೆದುರು ಗೊಳೋ ಎಂದು ಅತ್ತ. ಗೇಟಿನಲ್ಲಿದ್ದ ಹೆಂಗಸರು ಯಾರೂ ನಗಲಿಲ್ಲ. ನಾಳೆ ಏನಾಗುತ್ತದೋ ಎನ್ನುವ ಭಯ ಎಲ್ಲೂ ಹೋಗಿರಲಿಲ್ಲ, ಅಳುತ್ತಿರುವಾಗಲೂ ಕಿವಿ ರಸ್ತೆಯ ಕಡೆಗೇ ಇತ್ತು.

ಮುತ್ಯಾಲಮ್ಮ ವೈರ್ ಬ್ಯಾಗಿನಿಂದ ರೇಡಿಯೋ ತೆಗೆದು ಕಿವಿಗೆ ಹಿಡಿದು ನೋಡಿದಳು. “ಇದ್ರಾಗ್ ಇನ್ ಏನೂ ಬರಲ್ಲ ಅಲ್ವಾ?”

“ಬರಲ್ಲಮ್ಮ.”

“ಓಗ್ಲಿ ಬುಡು.” ಅವಳು ರೇಡಿಯೋವನ್ನು ಎಲೆಅಡಿಕೆ ಚೀಲದ ಪಕ್ಕದಲ್ಲಿ ಮತ್ತೆ ಇಟ್ಟುಕೊಂಡಳು. “ನಾಳೆ ನಮ್ ಲೈನ್ಗೆ ನೀರ್ ಬತ್ತದಾ?”

ಚೆನ್ನಕೇಶವ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ನೀರು ಬಿಡುವವನಿಗೆ ಫೋನ್ ಮಾಡಿ ಕೇಳಿದ. ಆಮೇಲೆ ಎದ್ದು ನಿಂತು, ಗೇಟಿನಲ್ಲಿದ್ದವರಿಗೂ ಕೇಳುವಂತೆ, ಯಾವ ಲೈನಿಗೆ ಎಷ್ಟು ಗಂಟೆಗೆ ನೀರು ಎಂದು ತನ್ನ ದನಿಯಲ್ಲಿ ಹೇಳಿದ.